ಸುಸ್ತಿ ಸಾಲ ಮತ್ತು ಮೂರನೆಯವರ ಕಿವಿ

ಓದುಗರ ಪತ್ರ: ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ಅಮ್ಮನ ಆಪರೇಷನ್ನಿಗೆ ಒಂದು ಫೈನಾನ್ಸ್ ಕಂಪನಿಯ ಆ್ಯಪ್‌ನಲ್ಲಿ 40 ಸಾವಿರ ಸಾಲ ತೆಗೆದೆ. ಹನ್ನೊಂದು ಕಂತು ಸರಿಯಾಗಿ ಕಟ್ಟಿದೆ. ಓಟಿ ನಿಂತ ಮೇಲೆ ಎರಡು ಕಂತು ಬಾಕಿ ಬಿತ್ತು. ವಸೂಲಿಯವರು ನಮ್ಮ ಎಚ್‌ಆರ್‌ಗೆ ಫೋನ್ ಮಾಡಿ ಹೇಳಿದರು, ಮನೆ ಓನರ್ ಆಂಟಿಗೂ ಹೇಳಿಹೋದರು. ನೆಂಟರಿಗೆಲ್ಲ ನನ್ನ ಫೋಟೋ ಹಾಕಿ ವಾಟ್ಸಾಪ್ ಕಳಿಸಿದ್ದಾರೆ. ಕೇಳಿದರೆ, 'ನಾವೇನು ಸುಳ್ಳು ಹೇಳಿದ್ವಾ? ಬಾಕಿ ಇರೋದು ನಿಜ ತಾನೇ?' ಅಂತಾರೆ. ನನಗೆ ಉತ್ತರ ಹೊಳೆಯಲಿಲ್ಲ. ಹಾಗೆ ಹೇಳೋ ಹಕ್ಕು ಅವರಿಗಿದೆಯಾ? – ಹೆಸರು ಬೇಡ, ಲಗ್ಗೆರೆ, ಬೆಂಗಳೂರು

ಸಂಪಾದಕರ ಉತ್ತರ:

ಇಲ್ಲ, ತಾಯಿ. ಆ ಹಕ್ಕು ಅವರಿಗಿಲ್ಲ. ಸಾಲ ಕೊಟ್ಟವರಿಗೆ ನಿಮ್ಮಿಂದ ಹಣ ಕೇಳುವ ಹಕ್ಕಿದೆ, ನೋಟಿಸ್ ಕೊಡುವ ಹಕ್ಕಿದೆ, ಕೋರ್ಟಿಗೆ ಹೋಗುವ ಹಕ್ಕಿದೆ. ನಿಮ್ಮ ಎಚ್‌ಆರ್ ಕಿವಿಗೆ, ಓನರ್ ಆಂಟಿಯ ಕಿವಿಗೆ ನಿಮ್ಮ ಬಾಕಿಯ ಲೆಕ್ಕ ಹಾಕುವ ಹಕ್ಕಿಲ್ಲ.

ಪತ್ರ ಓದುವಾಗ ನನಗೆ ನೆನಪಾದದ್ದು ನಮ್ಮೂರ ಸೊಸೈಟಿಯ ಬೋರ್ಡು. ಸುಸ್ತಿದಾರರ ಪಟ್ಟಿಯೆಂದು ಕೆಂಪು ಇಂಕಿನಲ್ಲಿ ಬರೆದು ಅಂಟಿಸುತ್ತಿದ್ದರು. ಒಂದು ವರ್ಷ ಮಳೆ ಕೈಕೊಟ್ಟಾಗ ಅದರ ಮೂರನೇ ಸಾಲಿನಲ್ಲಿ ನಮ್ಮಪ್ಪನ ಹೆಸರಿತ್ತು. ಸೀಮೆಎಣ್ಣೆ ತರಲು ಅದೇ ಕಟ್ಟಡಕ್ಕೆ ಹೋಗಬೇಕು. ಅಪ್ಪ ಸೈಕಲ್ಲನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿ, ಕ್ಯಾನು ನನ್ನ ಕೈಗೆ ಕೊಟ್ಟು, ತಾವು ಹುಣಸೆಮರದ ಕೆಳಗೇ ನಿಲ್ಲುತ್ತಿದ್ದರು. ಸುಗ್ಗಿಯಲ್ಲಿ ಬಡ್ಡಿಸಮೇತ ಕಟ್ಟಿ ಮುಗಿಸಿದರು. ಆಮೇಲೂ ಅವರು ಆ ಬೋರ್ಡಿನ ಮುಂದೆ ಹಾದುಹೋದದ್ದನ್ನು ನಾನು ಕಾಣಲಿಲ್ಲ. ಆದ್ದರಿಂದ ಈ ವಿಷಯದಲ್ಲಿ ತಣ್ಣಗೆ ಬರೆಯಲು ನನ್ನಿಂದಾಗದು.

'ನಿಜ ತಾನೇ?' ಎಂಬ ಮಾತಿಗೇ ಮೊದಲು ಉತ್ತರ ಹೇಳುತ್ತೇನೆ. ನಿಮ್ಮನ್ನು ಬಾಯಿಮುಚ್ಚಿಸಿದ್ದು ಅದೇ. ನಿಮ್ಮದರಂಥದೇ ಪ್ರಕರಣವೊಂದು ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ನಡೆದಿತ್ತು. ಟೂರ್ನಿಯರ್ ಎಂಬಾತ ಬ್ಯಾಂಕಿಗೆ ಕೊಡಬೇಕಿದ್ದದ್ದು ಹತ್ತು ಪೌಂಡಿಗೂ ಕಡಿಮೆ. ಕಂತು ತಪ್ಪಿತು. ಮ್ಯಾನೇಜರು ಆತನ ಕೆಲಸದ ಜಾಗಕ್ಕೆ ಫೋನ್ ಮಾಡಿ, ವಿಳಾಸ ಕೇಳುವ ನೆಪದಲ್ಲಿ ಬಾಕಿಯ ಸಂಗತಿಯನ್ನೂ ಆಡಿಬಿಟ್ಟರು. ಆತನ ಕೆಲಸ ಮುಂದುವರಿಯಲಿಲ್ಲ. ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು: ಗ್ರಾಹಕನ ಗುಟ್ಟು ಕಾಯುವುದು ಬ್ಯಾಂಕಿನ ಕರಾರಿನೊಳಗೇ ಇರುವ ಹೊಣೆ. ಕಾನೂನೇ ಹೇಳೆಂದಾಗ, ಸಮಾಜದ ಹಿತಕ್ಕೆ ಹೇಳಲೇಬೇಕಾದಾಗ, ಬ್ಯಾಂಕು ತನ್ನ ಹಕ್ಕು ಸಾಧಿಸಲು ಅಗತ್ಯವಿದ್ದಾಗ, ಗ್ರಾಹಕ ಒಪ್ಪಿದಾಗ ಮಾತ್ರ ಅದಕ್ಕೆ ವಿನಾಯಿತಿ. ನಮ್ಮ ನ್ಯಾಯಾಲಯಗಳೂ ಈ ತತ್ವವನ್ನು ಒಪ್ಪಿಕೊಂಡು ಬಂದಿವೆ. ಮಾತು ನಿಜ ಎಂದ ಮಾತ್ರಕ್ಕೆ ಗುಟ್ಟು ಕಾಯುವ ಆ ಹೊಣೆ ತಪ್ಪುವುದಿಲ್ಲ. ಮಾನಹಾನಿಯ ಕಾನೂನೂ, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಕೂಡ, ನಿಜ ಎಂದ ಮಾತ್ರಕ್ಕೆ ಬಿಡುವುದಿಲ್ಲ. ಆ ನಿಜವನ್ನು ಹೇಳಿದ್ದರಿಂದ ಸಾರ್ವಜನಿಕರಿಗೆ ಹಿತವಾಗುವಂತಿರಬೇಕು. ನಿಮ್ಮ ಎರಡು ಕಂತಿನಿಂದ ಲಗ್ಗೆರೆಯ ಸಾರ್ವಜನಿಕರಿಗೆ ಆಗುವ ಹಿತವೇನು?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿನಿಂದ ಹೊರಟು ದಿಲ್ಲಿಯಲ್ಲಿ ಈ ಹಕ್ಕಿಗಾಗಿ ನಿಂತವರು ಅವರು. 2024ರ ಕೊನೆಯಲ್ಲಿ ಕೇರಳ ಹೈಕೋರ್ಟಿನ ಮುಂದೆ, ನಮ್ಮೂರ ಸೊಸೈಟಿಯ ಬೋರ್ಡಿನಂಥದೇ ಒಂದು ಸಂಗತಿ ಬಂತು. ಸಹಕಾರ ಸಂಘವೊಂದು ಸುಸ್ತಿದಾರರ ಫೋಟೋ ಹಾಕಿ ಕಚೇರಿ ಮುಂದೆ ಫ್ಲೆಕ್ಸ್ ಕಟ್ಟಿತ್ತು. ಸಾಲ ವಸೂಲಿಗೆಂದು ಮನುಷ್ಯನ ಘನತೆ, ಖಾಸಗಿತನಕ್ಕೆ ಕೈಹಾಕುವಂತಿಲ್ಲ ಎಂದಿತು ನ್ಯಾಯಾಲಯ. ಅಪ್ಪ ಇದ್ದಿದ್ದರೆ ಆ ಸುದ್ದಿ ಓದಿ ಹೇಳುತ್ತಿದ್ದೆ.

ನಿಮ್ಮ ಕೈಗೆ ಹತ್ತಿರವಿರುವುದು ರಿಸರ್ವ್ ಬ್ಯಾಂಕಿನ ನಿಯಮ. 2022ರ ಆಗಸ್ಟ್ 12ರ ಸುತ್ತೋಲೆಯ ಪ್ರಕಾರ ಸಾಲಗಾರರನ್ನು ನಾಲ್ಕು ಜನರ ಮುಂದೆ ಅವಮಾನಿಸುವುದು, ಅವರ ಮನೆಯವರ, ಸ್ನೇಹಿತರ, ಅರ್ಜಿಯಲ್ಲಿ ರೆಫರೆನ್ಸ್ ಎಂದು ಹೆಸರು ಕೊಟ್ಟವರ ಖಾಸಗಿತನಕ್ಕೆ ನುಗ್ಗುವುದು ನಿಷಿದ್ಧ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಅಡಮಾನವಿಲ್ಲದ ಸಾಲವಾಗಿದ್ದು, ನಿಮ್ಮ ಮನೆಯ ವರ್ಷದ ಆದಾಯ 3 ಲಕ್ಷದೊಳಗಿದ್ದರೆ ಅದು ಮೈಕ್ರೋಫೈನಾನ್ಸ್ ಸಾಲ. ಅದರ ನಿಯಮ ಇನ್ನೂ ಬಿಗಿ: ಫೋನಿನ ಹೊತ್ತು 9ರಿಂದ 6 ಮಾತ್ರ, ಸಾಲಗಾರರ ಹೆಸರು ಪ್ರಕಟಿಸುವುದು ತಪ್ಪು, ನೆಂಟರನ್ನೂ ಸಹೋದ್ಯೋಗಿಗಳನ್ನೂ ಕಾಡುವುದು ತಪ್ಪು. ನಿಮ್ಮ ನೆಂಟರ ನಂಬರು ಅವರಿಗೆ ಸಿಕ್ಕಿದ್ದಾದರೂ ಹೇಗೆ? ಫೋನಿನ ಕಾಂಟ್ಯಾಕ್ಟ್ಸ್‌ನಿಂದ ಎಂದಾದರೆ ಅದು ಇನ್ನೊಂದು ತಪ್ಪು. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕರೆಗಳ ಪಟ್ಟಿ, ಫೋಟೋಗಳ ತಂಟೆಗೆ ಹೋಗಬಾರದು ಎಂದು 2022ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಕ್ಯಾಮೆರಾ, ಲೊಕೇಶನ್‌ನಂಥವನ್ನು ಒಮ್ಮೆ ಮಾತ್ರ, ನೀವು ಒಪ್ಪಿದರೆ, ಬಳಸಬಹುದು. 'ನಮ್ಮ ಕಂಪನಿಯವರಲ್ಲ, ಏಜೆನ್ಸಿಯವರು ಮಾಡಿದ್ದು' ಎಂದು ಜಾರಿಕೊಳ್ಳಲೂ ಆಗದು, ಏಜೆಂಟನ ಕೆಲಸಕ್ಕೆ ಕಂಪನಿಯೇ ಹೊಣೆ.

ಎಲ್ಲ ಬಾಯಿಯನ್ನೂ ಕಾನೂನು ಕಟ್ಟಿಲ್ಲ, ಅದನ್ನೂ ತಿಳಿದಿರಿ. ಕಂತು ತಪ್ಪಿದ್ದನ್ನು, ಸಾಲಗಾರರ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗೆ ಅವರು ತಿಳಿಸುತ್ತಾರೆ, ಅದಕ್ಕೆ 2005ರ ಕಾನೂನಿನ ಆಧಾರವಿದೆ. ಜಾಮೀನು ಹಾಕಿದವರಿದ್ದರೆ ಅವರಿಗೆ ಹೇಳಬಹುದು, ಯಾಕೆಂದರೆ ಸಾಲಕ್ಕೆ ಅವರೂ ಬಾಧ್ಯಸ್ಥರು. ಆದರೆ ಬರೀ ರೆಫರೆನ್ಸ್ ಎಂದು ಹೆಸರು ಕೊಟ್ಟವರು ಜಾಮೀನುದಾರರಲ್ಲ. ವಸೂಲಿಯವರು ಬೇಕೆಂದೇ ಈ ಎರಡನ್ನೂ ಒಂದು ಮಾಡಿ ನೆಂಟರನ್ನು ಹೆದರಿಸುತ್ತಾರೆ.

ಈಗ ಮಾಡಬೇಕಾದ ಕೆಲಸ. ವಾಟ್ಸಾಪ್ ಬಂದ ನೆಂಟರಿಂದ ನಂಬರು, ತಾರೀಖು, ಗಂಟೆ ಕಾಣುವಂತೆ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಯಾವ ನಂಬರಿನಿಂದ, ಎಷ್ಟು ಹೊತ್ತಿಗೆ ಕರೆ ಬಂತು, ಏನು ಹೇಳಿದರು ಎಂದು ಎಚ್‌ಆರ್ ಹತ್ತಿರ ಎರಡು ಸಾಲು ಬರೆಸಿಕೊಳ್ಳಿ. ಕೇಳಲು ಸಂಕೋಚವಾಗುತ್ತದೆ, ಗೊತ್ತು. ಆದರೂ ಕೇಳಿ, ಆ ಎರಡು ಸಾಲಿನಷ್ಟು ಗಟ್ಟಿ ಸಾಕ್ಷಿ ಬೇರೆ ಸಿಗದು. ಇವನ್ನು ಲಗತ್ತಿಸಿ, ಸಾಲಪತ್ರದಲ್ಲಿ ಹೆಸರಿರುವ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಅದೇ ಪತ್ರದಲ್ಲಿ, ಎಷ್ಟು ಕಟ್ಟಬಲ್ಲಿರಿ, ಎಂದಿನಿಂದ ಕಟ್ಟುತ್ತೀರಿ ಎಂದೂ ಬರೆಯಿರಿ. ಸಾಲ ತೀರಿಸುವ ಮನಸ್ಸಿದೆ ಎಂಬುದು ಕಾಗದದ ಮೇಲಿರಲಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ದಾರಿ ಹೇಳುತ್ತಾರೆ.

ಕಂಪನಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯೇ ಆಗಿಲ್ಲ ಎಂದು ಗೊತ್ತಾದರೆ ನೇರ ಪೊಲೀಸ್ ಠಾಣೆಗೆ ಹೋಗಿ. ನೋಂದಣಿಯಿಲ್ಲದೆ ಸಾಲ ಕೊಟ್ಟು ಕಾಡುವವರಿಗೆಂದೇ ನಮ್ಮ ರಾಜ್ಯ 2025ರಲ್ಲಿ ಕಾನೂನು ತಂದಿದೆ, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಫೋಟೋ ತಿದ್ದಿ ಹಂಚಿದ್ದರೆ, ಬೆದರಿಕೆ ಹಾಕಿದ್ದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೂ ತಿಳಿಸಿ. ವಕೀಲರ ಫೀಸಿಗೆ ಹೆದರಬೇಡಿ. ಕಾನೂನು ಸೇವಾ ಪ್ರಾಧಿಕಾರದ ನೆರವು ಹೆಣ್ಣುಮಕ್ಕಳಿಗೆ ಉಚಿತ, ಆದಾಯದ ಮಿತಿಯಿಲ್ಲ. ಪ್ರಾಧಿಕಾರದ ಕಚೇರಿಯಿರುವ ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ದೂರಿನ ಒಂದು ಕರಡು ಬರೆದು ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಹಾಕಿದ್ದೇವೆ. ಓನರ್ ಆಂಟಿಯ ಕೈಗೆ ಮೊದಲು ಸಿಕ್ಕರೂ ಏನೂ ತಿಳಿಯದಿರಲೆಂದು ಲಕೋಟೆ ಮೇಲೆ ಪತ್ರಿಕೆಯ ಹೆಸರು ಹಾಕಿಲ್ಲ.