ಓದುಗರ ಪ್ರಶ್ನೆ: ಸಿಗ್ನಲ್ ಹೋದರೆ ರೋಬೋ ನಿಲ್ಲಬೇಕು

ಪ್ರಶ್ನೆ: ಸರ್, ನಾವು ನಾಲ್ವರು ಗೆಳತಿಯರು ಡಿಪ್ಲೊಮಾ ಓದುತ್ತಿದ್ದೇವೆ. ರಾತ್ರಿ ಲ್ಯಾಬ್‌ನಲ್ಲಿ ಗಸ್ತು ತಿರುಗುವ ರೋಬೋ ಕಾರ್ ಮಾಡಿದ್ದೇವೆ. ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್ ಇದೆ, ಮೊಬೈಲ್‌ನಿಂದ ವೈಫೈ ಮೇಲೆ ಓಡಿಸುತ್ತೇವೆ. ಕಾರ್ ಹೊರಟ ಕೂಡಲೇ ಕೆಲವು ಸಲ ಬೋರ್ಡೇ ಆಫ್ ಆಗಿ ಆನ್ ಆಗುತ್ತದೆ. ಮೊನ್ನೆ ಮಾತ್ರ ಎಷ್ಟು ಸಲ ಸ್ಟಾಪ್ ಒತ್ತಿದರೂ ನಿಲ್ಲದೆ ಹೋಗಿ ಬೀರುವಿಗೆ ಗುದ್ದಿತು. ಬೋರ್ಡ್ ಬದಲಾಯಿಸಬೇಕಾ?
– ಒಬ್ಬ ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಬೇಡಮ್ಮಾ, ಬೋರ್ಡ್ ಬದಲಾಯಿಸಬೇಡಿ. ಇವು ಎರಡು ಬೇರೆ ಬೇರೆ ತೊಂದರೆ.

ಮೊದಲನೆಯದು ಬ್ಯಾಟರಿಯದು. ನಿಂತ ಮೋಟಾರ್ ಹೊರಡುವಾಗ ತುಂಬಾ ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಕ್ಷಣ ವೋಲ್ಟೇಜ್ ಕುಸಿಯುತ್ತದೆ, 3.3 ವೋಲ್ಟ್‌ನಲ್ಲಿ ನಡೆಯುವ ಬೋರ್ಡ್ ರೀಸೆಟ್ ಆಗುತ್ತದೆ. ಕಾರ್ ಹೊರಡುವಾಗ ಬೋರ್ಡಿನ ಕೆಂಪು ದೀಪವನ್ನೇ ನೋಡುತ್ತಿರಿ. ಮಂಕಾದರೆ ಇದೇ ಕಾರಣ. ಮೋಟಾರ್‌ಗೆ ಬೇರೆ ಬ್ಯಾಟರಿ ಕೊಡಿ. ಆದರೆ ಎರಡೂ ಬ್ಯಾಟರಿಯ ಗ್ರೌಂಡ್ (ಮೈನಸ್) ವೈರ್ ಸೇರಿಸುವುದನ್ನು ಮರೆಯಬೇಡಿ.

ಎರಡನೆಯದು ಸಿಗ್ನಲ್‌ದು. ಇದೇ ನನಗೆ ಜಾಸ್ತಿ ಚಿಂತೆ. ಕೆಲವು ವರ್ಷದ ಹಿಂದೆ ಕಲಬುರಗಿಯ ಒಂದು ವಿಜ್ಞಾನ ಪ್ರದರ್ಶನದಲ್ಲಿ ನನ್ನ ಹುಡುಗರ ಕಾರ್ ಹೀಗೇ ಮಾಡಿತು. ಬೆಳಿಗ್ಗೆ ಖಾಲಿ ಹಾಲ್‌ನಲ್ಲಿ ಚೆನ್ನಾಗಿ ಓಡಿತ್ತು. ಮಧ್ಯಾಹ್ನ ಹಾಲ್ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲ್. ಇಂಥ ಬೋರ್ಡಿನ ವೈಫೈ, ಬ್ಲೂಟೂತ್ ಎರಡೂ 2.4 ಗಿಗಾಹರ್ಟ್ಸ್ ಎಂಬ ಒಂದೇ ರೇಡಿಯೋ ಪಟ್ಟಿಯಲ್ಲಿ ಮಾತಾಡುತ್ತವೆ. ಶರಣಬಸವೇಶ್ವರ ಜಾತ್ರೆಯಲ್ಲಿ ಪಕ್ಕದವರ ಮಾತು ಕೇಳಿಸದ ಹಾಗೆ ಆಯಿತು. 'ಮುಂದೆ' ಅನ್ನುವುದು ಕಾರ್‌ಗೆ ತಲುಪಿತ್ತು, 'ನಿಲ್ಲು' ತಲುಪಲಿಲ್ಲ. ಒಂದು ಪುಟ್ಟ ಮಗುವಿನ ಕಾಲಿಗೆ ಹೋಗಿ ಬಡಿಯಿತು. ಗಾಯವಾಗಲಿಲ್ಲ, ಆದರೆ ಆ ಮಗು ಅತ್ತದ್ದು ಇನ್ನೂ ನೆನಪಿದೆ.

ಅವತ್ತಿನಿಂದ ನಾವು ಪ್ರೋಗ್ರಾಮನ್ನು ತಿರುವಿಹಾಕಿ ಬರೆಯುತ್ತೇವೆ. ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತು ಮೊಬೈಲ್ ಪ್ರತಿ 100 ಮಿಲಿಸೆಕೆಂಡಿಗೆ 'ನಡಿ' ಎಂದು ಹೇಳುತ್ತಲೇ ಇರಬೇಕು. 300 ಮಿಲಿಸೆಕೆಂಡ್ ಏನೂ ಕೇಳಿಸದಿದ್ದರೆ ಕಾರ್ ತಾನಾಗೇ ನಿಲ್ಲಬೇಕು. ಕಾರಿನ ಮೇಲೆ ಬ್ಯಾಟರಿ ಕಡಿಯುವ ದೊಡ್ಡ ಸ್ವಿಚ್ ಕೂಡ ಇರಲಿ. ಲ್ಯಾಬ್‌ನಲ್ಲಿ ಆಸಿಡ್ ಬಾಟಲಿ ಇರುತ್ತವೆ, ಅಲ್ವಾ?

ಇನ್ನೊಂದು. ಬೋರ್ಡಿನ ಒಂದು ತುದಿಯಲ್ಲಿ ಹಾವು ಹರಿದ ಹಾಗೆ ಸಣ್ಣ ಗೆರೆ ಕಾಣುತ್ತದೆ. ಅದೇ ಆಂಟೆನಾ. ಅದರ ಕೆಳಗೆ ಕಬ್ಬಿಣದ ಚಾಸಿ ಬಂದರೆ ಸಿಗ್ನಲ್ ಸಾಯುತ್ತದೆ. ಆ ತುದಿ ಚಾಸಿಯಿಂದ ಹೊರಗೆ ಚಾಚಿರಲಿ. ದಪ್ಪ ಕಲ್ಲಿನ ಗೋಡೆ, ಸ್ಟೀಲ್ ಬೀರು ಇರುವ ಕೋಣೆಯಲ್ಲಿ ಇಷ್ಟರಿಂದಲೇ ಎಷ್ಟೋ ವ್ಯತ್ಯಾಸ ಆಗುತ್ತದೆ.

ಪ್ರಶ್ನೆ: ಲ್ಯಾಬ್‌ನೊಳಗೆ ಯಾರಾದರೂ ಬಂದರೆ ಮೊಬೈಲ್‌ಗೆ ಮೆಸೇಜ್ ಬರುವಂತೆ ಪಿಐಆರ್ ಸೆನ್ಸರ್ ಹಾಕಿದ್ದೆವು. ಡಿಸೆಂಬರ್‌ನಲ್ಲಿ ಸರಿ ಇತ್ತು. ಏಪ್ರಿಲ್ ಬಂದ ಮೇಲೆ ಯಾರು ಓಡಾಡಿದರೂ ಸುಮ್ನೆ ಇರುತ್ತದೆ. ಸೆನ್ಸರ್ ಕೆಟ್ಟಿದೆಯಾ?
– ಲ್ಯಾಬ್ ಸಹಾಯಕರು, ಕಲಬುರಗಿ

ಉತ್ತರ: ಕೆಟ್ಟಿಲ್ಲ ಸರ್, ನಮ್ಮೂರ ಬಿಸಿಲು ಅದು. ಪಿಐಆರ್ ಮನುಷ್ಯನನ್ನು ನೋಡುವುದಿಲ್ಲ. ಮೈಯ ಬಿಸಿಗೂ ಹಿಂದಿನ ಗೋಡೆಯ ಬಿಸಿಗೂ ಇರುವ ವ್ಯತ್ಯಾಸ ಸರಿದಾಡಿದರೆ ಅಷ್ಟೇ ಅದಕ್ಕೆ ಗೊತ್ತಾಗುತ್ತದೆ. ಮೈಯ ಬಿಸಿ 37 ಡಿಗ್ರಿ, ಚರ್ಮದ ಮೇಲೆ ಇನ್ನೂ ಸ್ವಲ್ಪ ಕಡಿಮೆ. ಹೊರಗೆ 40 ದಾಟಿ, ಮುಚ್ಚಿದ ಕೋಣೆಯ ಗೋಡೆಯೂ ಕಾದು ಅಷ್ಟೇ ಬಿಸಿಯಾದರೆ ಮನುಷ್ಯ ಅದಕ್ಕೆ ಗೋಡೆಯೊಳಗೆ ಕರಗಿಹೋದ ಹಾಗೆ.

ಬಾಗಿಲಿಗೆ ಒಂದು ರೀಡ್ ಸ್ವಿಚ್ ಹಾಕಿ, ಅಂದರೆ ಮ್ಯಾಗ್ನೆಟ್ ಹತ್ತಿರ ಇದೆಯೋ ಇಲ್ಲವೋ ಎಂದು ತಿಳಿಯುವ ಪುಟ್ಟ ಸ್ವಿಚ್. ಚೌಕಟ್ಟಿಗೆ ಸ್ವಿಚ್, ಬಾಗಿಲಿಗೆ ಮ್ಯಾಗ್ನೆಟ್. ಬಾಗಿಲು ಸರಿದರೆ ಗೊತ್ತಾಗುತ್ತದೆ, ಬಿಸಿಲಿನ ಹಂಗಿಲ್ಲ.

ಕರೆಂಟ್ ಹೋದಾಗ ಏನಾಗುತ್ತದೆ ಎಂದು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಕರೆಂಟ್ ಹೋದರೆ ಸೆನ್ಸರ್ ಬಾಯಿ ಮುಚ್ಚುತ್ತದೆ, ಮೆಸೇಜ್ ಬಾರದಿದ್ದರೆ ನೀವು ಎಲ್ಲ ಸರಿ ಇದೆ ಅಂದುಕೊಳ್ಳುತ್ತೀರಿ. ಇದಕ್ಕೆ ಎಂಕ್ಯೂಟಿಟಿ ಬಳಸಿ, ಸೆನ್ಸರ್‌ಗಳು ಸರ್ವರ್ ಮೂಲಕ ಮೆಸೇಜ್ ಕಳಿಸುವ ಪದ್ಧತಿ. 1999ರಲ್ಲಿ ತೈಲ ಪೈಪ್‌ಲೈನ್‌ಗಳನ್ನು ಉಪಗ್ರಹದ ಮೂಲಕ ಗಮನಿಸಲು ಮಾಡಿದ ಪದ್ಧತಿ ಅದು. ಸೆನ್ಸರ್ ಮೊದಲೇ ಸರ್ವರ್‌ಗೆ ಒಂದು ಕೊನೆಯ ಮಾತು ಕೊಟ್ಟಿಡುತ್ತದೆ: 'ನನ್ನ ಸದ್ದಿಲ್ಲದಿದ್ದರೆ ಇದನ್ನು ಎಲ್ಲರಿಗೂ ತಿಳಿಸು.' ಕೀಪ್ ಅಲೈವ್ (ಸೆನ್ಸರ್ 'ಇದ್ದೇನೆ' ಎಂದು ಹೇಳಬೇಕಾದ ಅವಧಿ) 60 ಸೆಕೆಂಡ್ ಎಂದು ಇಟ್ಟರೆ, ಸರ್ವರ್ ಅದರ ಒಂದೂವರೆ ಪಟ್ಟು, 90 ಸೆಕೆಂಡ್ ಕಾದು ಆ ಮಾತು ನಿಮಗೆ ತಲುಪಿಸುತ್ತದೆ. ಸರ್ವರ್ ಮಾತ್ರ ಅದೇ ಲ್ಯಾಬ್‌ನೊಳಗೆ ಇರಬಾರದು.

ಪ್ರಶ್ನೆ: ಲ್ಯಾಬ್ ಬಾಗಿಲಿಗೆ ಕಾರ್ಡ್ ಲಾಕ್ ಹಾಕಿಸಿದರೆ ಸಾಕಾ?
– ಉಪನ್ಯಾಸಕರು, ಬೀದರ್

ಉತ್ತರ: ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 125 ಕಿಲೋಹರ್ಟ್ಸ್ ಕಾರ್ಡ್ ಸಾಲದು. ಹತ್ತಿರ ಬಂದ ಯಾವ ರೀಡರ್‌ಗೂ ಅದು ತನ್ನ ನಂಬರ್ ಹೇಳಿಬಿಡುತ್ತದೆ, ನಕಲು ಮಾಡುವುದು ನಿಮಿಷದ ಕೆಲಸ. 13.56 ಮೆಗಾಹರ್ಟ್ಸ್‌ನ ಹಳೆಯ ಮೈಫೇರ್ ಕ್ಲಾಸಿಕ್ ಕಾರ್ಡಿನ ಗುಟ್ಟೂ 2008ರಲ್ಲೇ ಬಯಲಾಯಿತು. ಅದಕ್ಕಿಂತ ಗಟ್ಟಿಯಾದ ಮೈಫೇರ್ ಡೆಸ್‌ಫೈರ್ ಕಾರ್ಡ್ ಕೇಳಿ ತರಿಸಿ, ಜೊತೆಗೆ ಪಿನ್ ಒತ್ತುವ ಕೀಪ್ಯಾಡ್ ಇರಲಿ. ಒಳಗಿನಿಂದ ಮಾತ್ರ ಕಾರ್ಡೂ ಬೇಡ, ಪಿನ್ನೂ ಬೇಡ, ಹಿಡಿ ತಿರುಗಿಸಿದರೆ ಬಾಗಿಲು ತೆರೆಯಬೇಕು. ಬೆಂಕಿ ಬಿದ್ದಾಗ ಯಾರೂ ಕಾರ್ಡ್ ಹುಡುಕುತ್ತಾ ನಿಲ್ಲಲಾರರು. ಲಾಕ್ ಕೂರಿಸಿದ ದಿನವೇ ಮೇನ್ ಸ್ವಿಚ್ ಆಫ್ ಮಾಡಿಸಿ, ನೀವೇ ಒಳಗೆ ನಿಂತು ಒಮ್ಮೆ ತೆರೆದು ನೋಡಿ ಸರ್.