ಮತ್ತೆ ಮತ್ತೆ ಮಣ್ಣು ಮೆತ್ತುವ ಮಸೀದಿಗೆ ವಯಸ್ಸೆಷ್ಟು?

ಮಾನ್ಯರೇ,

ಮಾಲಿ ದೇಶದ ಟಿಂಬಕ್ಟೂ ಪಟ್ಟಣದ ಜಿಂಗರೆಬೆರ್ ಮಸೀದಿಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಬರೆದ ಪತ್ರದಲ್ಲಿ ಒಂದು ಆಕ್ಷೇಪವೂ ಒಂದು ಪ್ರಶ್ನೆಯೂ ಇವೆ. ಲೇಖನದ ಜೊತೆಗಿದ್ದ ಚಿತ್ರ ಅದೇ ದೇಶದ ಜೆನ್ನೆ ಪಟ್ಟಣದ ಮಸೀದಿಯದು ಎಂಬ ನಿಮ್ಮ ಆಕ್ಷೇಪ ಸರಿ. 1907ರಲ್ಲಿ ಈಗಿನ ರೂಪ ತಳೆದ ಕಟ್ಟಡವನ್ನು ಟಿಂಬಕ್ಟೂವಿನದೆಂದು ಅಚ್ಚು ಹಾಕಿದ್ದು ನಮ್ಮ ತಪ್ಪು.

ಮೇಲಿನ ಮಣ್ಣನ್ನು ಸದಾ ಬದಲಿಸುತ್ತಿರುವ ಕಟ್ಟಡವನ್ನು ಹದಿನಾಲ್ಕನೆಯ ಶತಮಾನದ್ದೆನ್ನುವುದು ಹೇಗೆ, ಒಮ್ಮೆ ಸಿಮೆಂಟು ಬಳಿದರೆ ಆಗದೇ ಎಂಬುದು ನಿಮ್ಮ ಪ್ರಶ್ನೆ. ಅರ್ಧಕ್ಕೆ ನಾವು ತಲೆಬಾಗುತ್ತೇವೆ. ಮೆಕ್ಕಾ ಯಾತ್ರೆ ಮುಗಿಸಿ ಮರಳಿದ ದೊರೆ ಮಾನ್ಸಾ ಮೂಸಾ ಮಸೀದಿಗೆ ಅಡಿಪಾಯ ಹಾಕಿಸಿದ್ದು ನಿಜವಾದರೂ, 1570ರಿಂದ 1583ರ ನಡುವೆ ಊರಿನ ಖಾಜಿ (ನ್ಯಾಯಾಧೀಶ) ಅಲ್ ಆಖಿಬ್ ಅದನ್ನು ಮರಳಿ ಕಟ್ಟಿಸಿ ವಿಸ್ತರಿಸಿದರು; ಲೇಖನ ಇದನ್ನು ಹೇಳಬೇಕಿತ್ತು.

ಸಿಮೆಂಟಿನ ಮಾತು ಬೇರೆ. ಹಸಿ ಇಟ್ಟಿಗೆಯ ಗೋಡೆ ಮಳೆಗಾಲದಲ್ಲಿ ಹೀರಿಕೊಂಡ ತೇವವನ್ನು ಬಿಸಿಲಿಗೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಕೂತರೆ ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರದಾರಿ ಇರುವುದಿಲ್ಲ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ಗೋಡೆ ಒಳಗೊಳಗೇ ಮೆತ್ತಗಾಗಿ, ಒಂದು ದಿನ ಸಿಮೆಂಟಿನ ಪದರವೇ ಮಣ್ಣನ್ನು ಕಿತ್ತುಕೊಂಡು ಬೀಳುತ್ತದೆ. ಹೊಟ್ಟು ಬೆರೆಸಿದ ಮಣ್ಣಿನ ಗಿಲಾವು ಹಾಗಲ್ಲ, ಮಳೆಗೆ ತಾನು ಕರಗಿ ಒಳಗಿನ ಇಟ್ಟಿಗೆಯನ್ನು ಉಳಿಸುತ್ತದೆ. ಕರಗಿದ್ದನ್ನು ಮತ್ತೆ ಮೆತ್ತುವುದು ತಲೆಮಾರುಗಳಿಂದ ಕಸುಬು ಕಲಿತ ಗಾರೆಯವರ ಮುಂದಾಳತ್ವದಲ್ಲಿ ಊರವರೆಲ್ಲ ಸೇರಿ ಮಾಡುವ ಕೆಲಸ. ಉತ್ತರದ ಮರುಭೂಮಿಯಿಂದ ಒಂಟೆಗಳ ಮೇಲೆ ಬರುತ್ತಿದ್ದ ಉಪ್ಪು ಮತ್ತು ದಕ್ಷಿಣದ ಚಿನ್ನ ಕೈಬದಲಾಗುತ್ತಿದ್ದ ಆ ಪೇಟೆಯ ವೈಭವ ಎಂದೋ ಇಳಿದುಹೋಯಿತು, ಈ ಕಸುಬು ಉಳಿಯಿತು. 2012ರಲ್ಲಿ ಉಗ್ರರು ಈ ಮಸೀದಿಗೆ ಹೊಂದಿಕೊಂಡಿದ್ದ ಎರಡು ಗೋರಿಗಳೂ ಸೇರಿದಂತೆ ಪಟ್ಟಣದ ಸಂತರ ಗೋರಿಗಳನ್ನು ಕೆಡವಿದಾಗ, ಯುನೆಸ್ಕೋ ನೆರವಿನಿಂದ 2015ರ ಹೊತ್ತಿಗೆ ಅವುಗಳನ್ನು ಮತ್ತೆ ಎಬ್ಬಿಸಿದ್ದು ಅಲ್ಲಿನ ಗಾರೆಯವರೇ. ಕೆಡವಿಸಿದವರಲ್ಲಿ ಒಬ್ಬನಾದ ಅಲ್ ಮಹದಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರಲ್ಲಿ ಒಂಬತ್ತು ವರ್ಷದ ಶಿಕ್ಷೆ ವಿಧಿಸಿತು.

ಸರಿಯಾದ ಚಿತ್ರವನ್ನು ಈ ಸಂಚಿಕೆಯಲ್ಲಿ ಕೊಟ್ಟಿದ್ದೇವೆ. ಅದರಲ್ಲಿ ಮೇಲಕ್ಕೆ ಹೋದಂತೆ ಕಿರಿದಾಗುವ ಮಿನಾರಿನಿಂದ ಚಾಚಿಕೊಂಡಿರುವ ಮರದ ತುಂಡುಗಳನ್ನು ಗಮನಿಸಿ: ಮಣ್ಣು ಮೆತ್ತುವವರು ಕಾಲಿಟ್ಟು ಹತ್ತುವುದು ಅವುಗಳ ಮೇಲೆಯೇ.

— ಸಂಪಾದಕ