ಹ್ಯಾಮ್ (ಹವ್ಯಾಸಿ ರೇಡಿಯೋ) ಪ್ರಶ್ನೋತ್ತರ: ಚಿಕ್ಕ ಹಿತ್ತಿಲಿಗೆ ಯಾವ ಆಂಟೆನಾ?

ಪ್ರಶ್ನೆ: ಮಡಿಕೇರಿ ಪೇಟೆಯ ಇಳಿಜಾರಿನಲ್ಲಿ 30×40 ಅಡಿ ಸೈಟಿನ ಮನೆ ನಮ್ಮದು. ಹಿತ್ತಿಲಿನಲ್ಲಿ ಉಳಿದಿರುವುದು 30 ಅಡಿ ಉದ್ದ, 10 ಅಡಿ ಅಗಲದ ಪಟ್ಟಿ ಮಾತ್ರ. 80 ಮತ್ತು 40 ಮೀಟರ್ ಬ್ಯಾಂಡುಗಳಿಗಾಗಿ ತಾರಸಿಯ ಕಂಬದಿಂದ ಇನ್ವರ್ಟೆಡ್ ವಿ (ತಲೆಕೆಳಗಾದ V ಆಕಾರದ ತಂತಿ ಆಂಟೆನಾ) ಇಳಿಬಿಟ್ಟಿದ್ದೇನೆ. ನನ್ನ ಕರೆ ಯೂರೋಪಿನವರಿಗೆ ಕೇಳಿಸುತ್ತದೆ, ಆದರೆ ಅವರ ಉತ್ತರ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಸಂಜೆಯ ಮೇಲೆ ಎಸ್-ಮೀಟರ್ (ಒಳಬರುವ ಸಂಕೇತದ ಬಲ ತೋರಿಸುವ ಮಾಪಕ) 8ರಿಂದ ಕೆಳಗಿಳಿಯುವುದೇ ಇಲ್ಲ. ಮುಂದೆ 160 ಮೀಟರ್ ಕೂಡ ಆಲಿಸುವ ಆಸೆಯಿದೆ. ನೆಲದ ಹತ್ತಿರ ಬಹಳ ಉದ್ದಕ್ಕೆ ತಂತಿ ಎಳೆಯಬೇಕಾದ ಬೆವರೇಜ್ ಆಂಟೆನಾಗೆ ಜಾಗವಿಲ್ಲ. ಆಲಿಸಲೆಂದೇ ಕಟ್ಟುವ ಚಿಕ್ಕ ಲೂಪ್ (ತಂತಿಯ ಸುರುಳಿ), ಕೆ9ಎವೈ, ಫ್ಲ್ಯಾಗ್ ಎಂಬ ಆಂಟೆನಾಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?
— ಓದುಗರು, ಮಡಿಕೇರಿ

ಉತ್ತರ: ಮೊದಲು ಸುಮಾರು 1 ಮೀಟರ್ ವ್ಯಾಸದ, ಕೈಯಿಂದ ತಿರುಗಿಸಬಹುದಾದ ಲೂಪ್ ಒಂದನ್ನು ಮಾಡಿಕೊಳ್ಳಿ, ಅದು ಸಾಲದೆ ಹೋದರೆ ಫ್ಲ್ಯಾಗ್ ಕಟ್ಟಿ. ಈ ಜಾಗಕ್ಕೆ ಕೆ9ಎವೈ ಬೇಡವೆಂದೇ ನನ್ನ ಅಭಿಪ್ರಾಯ.

ಕಳುಹಿಸುವ ಆಂಟೆನಾವನ್ನು ಅಳೆಯುವ ಅಳತೆಗೋಲಿನಿಂದ ಆಲಿಸುವ ಆಂಟೆನಾವನ್ನು ಅಳೆಯಬಾರದು. 160 ಮತ್ತು 80 ಮೀಟರ್ ಬ್ಯಾಂಡುಗಳ 1.8 ಮತ್ತು 3.5 ಮೆಗಾಹರ್ಟ್ಸ್‌ನಲ್ಲಿ ದೂರದ ಸಿಡಿಲುಗಳಿಂದಲೂ ನೆರೆಮನೆಯ ವಿದ್ಯುತ್ ಉಪಕರಣಗಳಿಂದಲೂ ಬರುವ ಗದ್ದಲವು ರಿಸೀವರಿನ ಒಳಗೇ ಹುಟ್ಟುವ ಗದ್ದಲಕ್ಕಿಂತ ಎಷ್ಟೋ ಪಟ್ಟು ಜೋರಾಗಿರುವುದರಿಂದ, ಆಂಟೆನಾ ದುರ್ಬಲವಾಗಿದ್ದರೂ ನಷ್ಟವಿಲ್ಲ. ಪೂರ್ಣ ಅಳತೆಯ ಫ್ಲ್ಯಾಗ್ 160 ಮೀಟರಿನಲ್ಲಿ ಮೈನಸ್ 30 ಡೆಸಿಬೆಲ್ ಆಸುಪಾಸಿನ ಗಳಿಕೆ ಮಾತ್ರ ಕೊಡುತ್ತದೆ, ಎಂದರೆ ಶಕ್ತಿಯ ಲೆಕ್ಕದಲ್ಲಿ ಸಾವಿರಕ್ಕೆ ಒಂದು ಪಾಲು. ಆದರೂ ಅದು ಬೇಡದ ದಿಕ್ಕಿನ ಗದ್ದಲವನ್ನು ತಡೆಯುವುದರಿಂದ ಮಾತು ತಿಳಿಯಾಗಿ ಕೇಳಿಸುತ್ತದೆ. ಹೊಸ ಆಂಟೆನಾ ಜೋಡಿಸಿದಾಗ ಎಸ್-ಮೀಟರ್ ಪಾತಾಳಕ್ಕಿಳಿದರೆ ಗಾಬರಿಯಾಗಬೇಡಿ. ಸಂಕೇತಕ್ಕೂ ಗದ್ದಲಕ್ಕೂ ನಡುವಿನ ಅಂತರ ಹೆಚ್ಚಿತೇ ಎಂಬುದನ್ನಷ್ಟೇ ನೋಡಿ.

ಖರ್ಚಿಗೆ ಕೈಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ. ಸೆಟ್ಟನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ಚನ್ನೂ ಯುಪಿಎಸ್ಸನ್ನೂ ಆರಿಸಿ. ಯುಪಿಎಸ್ ಮರೆತರೆ ಪರೀಕ್ಷೆ ವ್ಯರ್ಥ, ಏಕೆಂದರೆ ಕರೆಂಟು ಹೋದ ಕೂಡಲೇ ಅದೇ ಗದ್ದಲದ ಯಜಮಾನನಾಗುತ್ತದೆ. ಮೀಟರ್ ಥಟ್ಟನೆ ಇಳಿದರೆ ಗದ್ದಲ ನಿಮ್ಮ ಮನೆಯದೇ, ಎಂದರೆ ಎಲ್‌ಇಡಿ ಬಲ್ಬು, ಚಾರ್ಜರ್, ಟಿವಿ ಅಡಾಪ್ಟರುಗಳದು. ಅವನ್ನು ಒಂದೊಂದಾಗಿ ಹುಡುಕಿ ತೆಗೆಯುವುದೇ ಅತ್ಯಂತ ಅಗ್ಗದ ಆಂಟೆನಾ. ಇಳಿಯದಿದ್ದರೆ ಮಾತ್ರ ಲೂಪಿನ ಕೆಲಸ ಆರಂಭ.

ನೆಟ್ಟಗೆ ನಿಲ್ಲಿಸಿದ ಚಿಕ್ಕ ಲೂಪ್ ತನ್ನ ಸಮತಲದ ಎರಡೂ ಕಡೆಗೆ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಆ ಸಮತಲಕ್ಕೆ ಲಂಬವಾದ ದಿಕ್ಕಿನಲ್ಲಿ ಮಾತ್ರ ಬಹಳ ಕಿರಿದಾದ, ಆಳವಾದ ಕಿವುಡುತನ ಅದಕ್ಕಿದೆ. ನೆಲದ ಮಟ್ಟದಲ್ಲಿ ಒಂದೇ ಕಡೆಯಿಂದ ಬರುವ ನೆರೆಮನೆಯ ಗದ್ದಲವನ್ನು ಆ ಕಿವುಡು ದಿಕ್ಕಿಗೆ ಸೇರಿಸಿದರೆ ಅದು ಅಡಗುತ್ತದೆ. ಅಯಾನುಗೋಳದಿಂದ (ರೇಡಿಯೋ ಅಲೆಗಳನ್ನು ನೆಲಕ್ಕೆ ಮರಳಿಸುವ ಮೇಲಿನ ವಾತಾವರಣ) ಬಗೆಬಗೆಯ ಕೋನಗಳಲ್ಲಿ ಇಳಿಯುವ ದೂರದ ಸಂಕೇತ ಹಾಗೆ ಪೂರ್ತಿ ಅಡಗುವುದಿಲ್ಲ. ಕೊಳವೆಯೊಳಗೆ ತಂತಿಯಿಟ್ಟ ಕವಚದ ಲೂಪ್ ಗದ್ದಲವನ್ನೇ ಒಳಗೆ ಬಿಡುವುದಿಲ್ಲವೆಂಬ ಮಾತನ್ನು ನಂಬಿ ಹೆಚ್ಚು ಹಣ ಕೊಡಬೇಡಿ. ಕವಚದಿಂದ ಲೂಪಿನ ಎರಡು ಬದಿಗಳು ಸಮತೋಲದಲ್ಲಿರುತ್ತವೆ ಅಷ್ಟೆ, ಆ ಸಮತೋಲವನ್ನು ಒಳ್ಳೆಯ ಟ್ರಾನ್ಸ್‌ಫಾರ್ಮರ್ ಕೂಡ ಕೊಡುತ್ತದೆ.

ಪಿವಿಸಿ ಪೈಪಿನ ಚೌಕಟ್ಟಿಗೆ ಸುಮಾರು ಮೂರು ಸುತ್ತು ತಂತಿ ಸುತ್ತಿ, ಹಳೆಯ ರೇಡಿಯೋದ ಗ್ಯಾಂಗ್ ಕಂಡೆನ್ಸರ್ (ಕೇಂದ್ರ ಹಿಡಿಯಲು ತಿರುಗಿಸುವ, ತಗಡುಗಳುಳ್ಳ ಭಾಗ) ಜೋಡಿಸಿದರೆ 160 ಮತ್ತು 80 ಮೀಟರ್ ಎರಡಕ್ಕೂ ಟ್ಯೂನ್ ಮಾಡಬಹುದು. ಸಂಕೇತವನ್ನು ಒಳಗಿನ ಒಂದು ಚಿಕ್ಕ ಸುತ್ತಿನಿಂದ ತೆಗೆದುಕೊಳ್ಳಿ. ಹೀಗೆ ಟ್ಯೂನ್ ಮಾಡಿದ ಲೂಪ್ ಮಧ್ಯಮ ತರಂಗದ ಪ್ರಬಲ ಕೇಂದ್ರಗಳನ್ನೂ ದೂರವಿಡುತ್ತದೆ. ಕಂಡೆನ್ಸರಿನ ಡಬ್ಬಿಗೆ ನೀರು ನುಗ್ಗದಂತೆ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊದಿಕೆಯಿಲ್ಲದ ಲೋಹ ಉಳಿಯುವುದಿಲ್ಲ. ಎತ್ತರ ಮುಖ್ಯವಲ್ಲ, ಎರಡು ಮೀಟರ್ ಸಾಕು. ಮನೆಯ ಗೋಡೆಯಿಂದ ಆದಷ್ಟು ದೂರವಿರುವುದು ಮುಖ್ಯ. ಕೇಬಲ್ ಟಿವಿಯವರು ಬಳಸುವ 75 ಓಮ್‌ನ ಆರ್‌ಜಿ-6 ಅಗ್ಗವೂ ಹೌದು, ಈ ಕೆಲಸಕ್ಕೆ ಉತ್ತಮವೂ ಹೌದು. ಕೇಬಲ್ಲಿನ ಹೊರಮೈಯೇ ಆಂಟೆನಾ ಆಗಿ ಮನೆಯ ಗದ್ದಲವನ್ನು ಲೂಪಿಗೆ ಹೊತ್ತೊಯ್ಯುವುದರಿಂದ, 31 ನಂಬರಿನ ಫೆರೈಟ್ ಉಂಗುರಕ್ಕೆ ಅದನ್ನು ಹಲವು ಸುತ್ತು ಸುತ್ತಿ ಚೋಕ್ (ಆ ಗದ್ದಲಕ್ಕೆ ತಡೆ) ಮಾಡಿಕೊಳ್ಳಿ. ಈ ಚೋಕ್ ಇಲ್ಲದೆ ಲೂಪ್ ಕೆಲಸ ಮಾಡಲಿಲ್ಲವೆಂದು ದೂರುವವರೇ ಹೆಚ್ಚು.

ಫ್ಲ್ಯಾಗ್ ಎಂದರೆ ಸುಮಾರು 29 ಅಡಿ ಉದ್ದ, 14 ಅಡಿ ಎತ್ತರದ ಆಯತಾಕಾರದ ತಂತಿ. ಒಂದು ತುದಿಯಲ್ಲಿ ಸುಮಾರು 950 ಓಮ್‌ನ ಇಂಡಕ್ಟನ್ಸ್ ಇಲ್ಲದ ರೆಸಿಸ್ಟರ್, ಇನ್ನೊಂದರಲ್ಲಿ ಓಮ್ ಲೆಕ್ಕದಲ್ಲಿ ಸುಮಾರು 13:1 ಟ್ರಾನ್ಸ್‌ಫಾರ್ಮರ್. ನಿಮ್ಮ 30 ಅಡಿಯ ಪಟ್ಟಿಯಲ್ಲಿ ಇದು ಸರಿಯಾಗಿ ಕೂರುತ್ತದೆ, ಒಂದೇ ದಿಕ್ಕಿಗೆ ಕೇಳಿಸಿಕೊಳ್ಳುತ್ತದೆ, ಎರಡು ತುದಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ. ದುರ್ಬಲ ಸಂಕೇತವನ್ನು ಹಿಗ್ಗಿಸುವ ಒಂದು ಪ್ರೀಆಂಪ್ಲಿಫೈಯರ್ ಮಾತ್ರ ಬೇಕಾಗುತ್ತದೆ. 1997ರಲ್ಲಿ ಪ್ರಕಟವಾದ ಕೆ9ಎವೈ ಲೂಪ್ ಕೂಡ ಹೆಚ್ಚುಕಡಿಮೆ ಇಷ್ಟೇ ದಿಕ್ಕಿನ ಗುಣವುಳ್ಳದ್ದು, ಆದರೆ ಅದು ನೆಲವನ್ನು ನಂಬಿದೆ. ಫೆಬ್ರವರಿಯ ಒಣ ಮಣ್ಣಿಗೆ ಹೊಂದಿಸಿದ ರೆಸಿಸ್ಟರ್ ಜುಲೈನ ನೆನೆದ ಮಣ್ಣಿಗೆ ಹೊಂದುವುದಿಲ್ಲ. ಫ್ಲ್ಯಾಗ್‌ಗೆ ಭೂಸಂಪರ್ಕವೇ ಬೇಡ.

ಹಿತ್ತಿಲು ವಾಯವ್ಯ–ಆಗ್ನೇಯವಾಗಿದ್ದರೆ ನಿಮ್ಮ ಅದೃಷ್ಟ ದೊಡ್ಡದು. ಯೂರೋಪು ನಮಗೆ ವಾಯವ್ಯದಲ್ಲಿದೆ, ಬೆನ್ನಿಗೆ ಬೀಳುವ ಆಗ್ನೇಯದಲ್ಲಿ ಸದಾ ಗುಡುಗುವ ಇಂಡೋನೇಷ್ಯಾ ಇದೆ. ಪಶ್ಚಿಮದಲ್ಲಿ ಇನ್ನೂ ಕತ್ತಲಿರುವ ನಮ್ಮ ಮುಂಜಾವಿನಲ್ಲಿ, ನವೆಂಬರ್‌ನಿಂದ ಫೆಬ್ರವರಿಯವರೆಗೆ, ಇದರ ಬೆಲೆ ತಿಳಿಯುತ್ತದೆ. ಜಪಾನ್ ಈಶಾನ್ಯದಲ್ಲಿರುವುದರಿಂದ ಅದಕ್ಕೆ ಮತ್ತೆ ಚಿಕ್ಕ ಲೂಪೇ ಗತಿ.

ನೀವು ಕಳುಹಿಸುವಾಗ ಪಕ್ಕದ ಲೂಪಿಗೆ ನುಗ್ಗುವ ಶಕ್ತಿ ರಿಸೀವರನ್ನು ಸುಡಬಹುದು. ಆಗ ಲೂಪಿನ ಸಂಪರ್ಕವನ್ನು ಕಡಿದುಹಾಕುವ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಇರಲೇಬೇಕು.

ಪ್ರಶ್ನೆ: ಸಿದ್ದಾಪುರದ ಬಳಿ ನಮ್ಮ ಕಾಫಿ ತೋಟದಲ್ಲಿ ಬೆವರೇಜ್ ಎಳೆಯಲು ಜಾಗವಿದೆ, ಆದರೆ ಆನೆಗಳ ಕಾಟ. ಅಲ್ಲದೆ ಸೆಕೆಂಡಿಗೊಮ್ಮೆ ಟಿಕ್ ಟಿಕ್ ಎಂಬ ಸದ್ದು ಕೇಳಿಸುತ್ತದೆ.
— ಓದುಗರು, ಸಿದ್ದಾಪುರ

ಉತ್ತರ: ಆ ಟಿಕ್ ಟಿಕ್ ಬಹುತೇಕ ನಿಮ್ಮ ಸೋಲಾರ್ ಬೇಲಿಯದು; ಅದರ ಯಂತ್ರ ಸುಮಾರು ಸೆಕೆಂಡಿಗೊಂದು ಹೊಡೆತ ಕಳುಹಿಸುತ್ತದೆ. ಬೇಲಿಗೆ ತಾಗಿದ ಹುಲ್ಲು, ಬಳ್ಳಿ, ಬಿರುಕುಬಿಟ್ಟ ಇನ್ಸುಲೇಟರುಗಳಲ್ಲಿ ಕಿಡಿ ಹಾರಿದಾಗ ಸದ್ದು ಇನ್ನೂ ಜೋರಾಗುತ್ತದೆ. ಬೇಲಿಯನ್ನು ಸ್ವಚ್ಛಗೊಳಿಸಿದರೆ ಆನೆ ತಡೆಯುವುದಕ್ಕೂ ಒಳ್ಳೆಯದು, ರೇಡಿಯೋಗೂ ಒಳ್ಳೆಯದು. ಉಳಿದದ್ದನ್ನು ಸೆಟ್ಟಿನ ನಾಯ್ಸ್ ಬ್ಲ್ಯಾಂಕರ್ (ಇಂಥ ಹೊಡೆತದ ಸದ್ದನ್ನು ಅಡಗಿಸುವ ಸೌಲಭ್ಯ) ನೋಡಿಕೊಳ್ಳುತ್ತದೆ.

ಬೆವರೇಜನ್ನು ಬೇಲಿಗಾಗಲಿ ಕರೆಂಟ್ ಲೈನಿಗಾಗಲಿ ಸಮಾನಾಂತರವಾಗಿ ಎಳೆಯಬೇಡಿ. ಸಿಲ್ವರ್ ಓಕ್ ಮರಗಳಿಗೆ ಇನ್ಸುಲೇಟರ್ ಕಟ್ಟಿ ಸುಮಾರು 160 ಮೀಟರ್ ಉದ್ದಕ್ಕೆ ಎಳೆದರೆ ಉತ್ತಮ. ಆನೆ ದಾರಿ ಅಡ್ಡ ಬಂದರೆ ಹೊದಿಕೆಯುಳ್ಳ ತಂತಿಯನ್ನು ನೆಲದ ಮೇಲೆಯೇ ಸುಮಾರು 60 ಮೀಟರ್ ಹಾಸುವುದೂ ಒಂದು ಕ್ರಮ. ಆಗ ಆನೆಗಿಂತ ಕಳೆ ಕೊಚ್ಚುವ ಯಂತ್ರದ್ದೇ ಭಯ, ಆದ್ದರಿಂದ ಕೆಲಸದವರಿಗೆ ಮೊದಲೇ ತೋರಿಸಿಡಿ. ಮರ ಏರಲು ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನು ಲೈನಿನ ಹತ್ತಿರ ತರಲೇಬಾರದು. ಬಿದಿರಿನ ಏಣಿ ಬಳಸಿ.

ಪ್ರಶ್ನೆ: ಆಲಿಸುವ ಲೂಪಿನಿಂದಲೇ 5 ವಾಟ್‌ನಲ್ಲಿ ಕಳುಹಿಸಬಹುದೇ?
— ಓದುಗರು, ಕುಶಾಲನಗರ

ಉತ್ತರ: ಬೇಡ. ರೇಡಿಯೋದ ಗ್ಯಾಂಗ್ ಕಂಡೆನ್ಸರಿನ ತಗಡುಗಳ ನಡುವೆ ಕಿಡಿ ಹಾರುತ್ತದೆ, ಆಂಪ್ಲಿಫೈಯರ್ ಇದ್ದರೆ ಅದು ಸುಡುತ್ತದೆ. ಕಳುಹಿಸುವ ಲೂಪಿಗೆ ದಪ್ಪ ತಾಮ್ರದ ಕೊಳವೆಯೂ ಸಾವಿರಾರು ವೋಲ್ಟ್ ತಡೆಯುವ ಕಂಡೆನ್ಸರೂ ಬೇಕು. ಅದನ್ನು ಬೇರೆಯಾಗಿಯೇ ಕಟ್ಟಬೇಕು.